ಬಾಳೆಗೆ ಹೆಸರು ಕೊಟ್ಟ ಮನೆ

ಮಕ್ಕಳೇ, ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಪಚ್ಚಬಾಳೆ ಯಾವ ಬಳಗಕ್ಕೆ ಸೇರಿದ್ದು ಗೊತ್ತೇ? ಅದರ ಹೆಸರು ಕ್ಯಾವೆಂಡಿಷ್. ಇದು ಇಂಗ್ಲೆಂಡಿನ ಒಂದು ಮನೆತನದ ಹೆಸರು. ಬಾಳೆ ಬೆಳೆಯಲಾರದಷ್ಟು ಚಳಿಯ ದೇಶದ ಹೆಸರು ಬಾಳೆಗೆ ಬಂದದ್ದು ಹೇಗೆ?

ಡರ್ಬಿಶೈರ್‌ನಲ್ಲಿ ಡರ್ವೆಂಟ್ ನದಿಯ ಪಕ್ಕ ಚಾಟ್ಸ್‌ವರ್ತ್ ಎಂಬ ಅರಮನೆಯಂಥ ಮನೆಯಿದೆ. ಸರ್ ವಿಲಿಯಂ ಕ್ಯಾವೆಂಡಿಷ್ ಮತ್ತು ಅವರ ಪತ್ನಿ ಬೆಸ್ 1549ರಲ್ಲಿ ಈ ಜಾಗ ಕೊಂಡು, 1552ರಲ್ಲಿ ಮನೆ ಕಟ್ಟಲು ತೊಡಗಿದರು. ಮುಂದೆ ಈ ಮನೆತನದವರು ಡೆವನ್‌ಶೈರ್‌ನ ಡ್ಯೂಕ್‌ಗಳಾದರು.

ಆರನೆಯ ಡ್ಯೂಕ್‌ಗೆ ಗಿಡಗಳ ಹುಚ್ಚು. 1826ರಲ್ಲಿ ಅವರು ಜೋಸೆಫ್ ಪ್ಯಾಕ್ಸ್‌ಟನ್ ಎಂಬ ರೈತನ ಮಗನನ್ನು ತೋಟದ ಮುಖ್ಯಸ್ಥನನ್ನಾಗಿ ನೇಮಿಸಿದರು. ಅವನಿಗಾಗ ಬರೀ 22 ವರ್ಷ! ಚೀನಾ ಮೂಲದ ಒಂದು ಕುಳ್ಳ ಬಾಳೆಯನ್ನು ಬಿಸಿ ಮಾಡಿದ ಗಾಜಿನ ಮನೆಯಲ್ಲಿ ನೆಟ್ಟು, 1830ರ ದಶಕದಲ್ಲಿ ಅವನು ಗೊನೆ ಬಿಡಿಸಿದ. ಒಡೆಯರ ಹೆಸರನ್ನೇ ಬಾಳೆಗಿಟ್ಟರು. ಇಲ್ಲಿಂದ ಹೋದ ಕಂದುಗಳು ಪೆಸಿಫಿಕ್ ಸಾಗರದ ಸಮೋವಾ ದ್ವೀಪದವರೆಗೂ ತಲುಪಿದವು. ಗಿಡ ತರಲೆಂದು ಪ್ಯಾಕ್ಸ್‌ಟನ್ 1835ರಲ್ಲಿ ಜಾನ್ ಗಿಬ್ಸನ್ ಎಂಬ ಮಾಲಿಯನ್ನು ನಮ್ಮ ದೇಶಕ್ಕೂ ಕಳಿಸಿದ್ದ. ಗಿಬ್ಸನ್ ಖಾಸಿ ಬೆಟ್ಟಗಳಿಂದ ಆರ್ಕಿಡ್ ಹೊತ್ತು ಮರಳಿದ.

ಬಳಿಕ ಪ್ಯಾಕ್ಸ್‌ಟನ್ 277 ಅಡಿ ಉದ್ದದ ದೊಡ್ಡ ಗಾಜಿನ ಮನೆ ಕಟ್ಟಿದ. 1843ರಲ್ಲಿ ವಿಕ್ಟೋರಿಯಾ ರಾಣಿ ಕುದುರೆಗಾಡಿಯಲ್ಲೇ ಅದರೊಳಗೆ ಸಾಗಿದರು. 1849ರಲ್ಲಿ ಅವನು ಬೆಳೆಸಿದ ದೈತ್ಯ ತಾವರೆಯ ಎಲೆಯ ಮೇಲೆ ಪುಟ್ಟ ಮಗಳು ಆ್ಯನಿ ನಿಂತರೂ ಎಲೆ ಮುಳುಗಲಿಲ್ಲ!

ಆದರೆ ಈ ವೈಭವವೆಲ್ಲ ಕಲ್ಲಿದ್ದಲನ್ನು ನಂಬಿತ್ತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಆ ಗಾಜಿನ ಮನೆಯನ್ನೇ ಕೆಡವಿದರು.

ಎರಡನೆಯ ಮಹಾಯುದ್ಧ ಬಂದಾಗ ಡ್ಯೂಕ್ ಜಾಣತನ ತೋರಿದರು. ಸೈನಿಕರಿಗಿಂತ ಶಾಲಾ ಹುಡುಗಿಯರು ಮನೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಪೆನ್ರೋಸ್ ಶಾಲೆಗೆ ಮನೆ ಬಿಟ್ಟುಕೊಟ್ಟರು. 1939ರ ಸೆಪ್ಟೆಂಬರ್‌ನಲ್ಲಿ ಸುಮಾರು 300 ಹುಡುಗಿಯರು ಬಂದರು. ರಾಜರಾಣಿಯರಿಗೆಂದು ಸಿಂಗರಿಸಿದ್ದ ಕೋಣೆಗಳಲ್ಲಿ ಸಾಲುಮಂಚಗಳು! ಮಲಗಿದವರ ಉಸಿರಿನ ತೇವಕ್ಕೆ ಕೆಲವು ಚಿತ್ರಪಟಗಳ ಹಿಂದೆ ಬೂಷ್ಟು ಬೆಳೆಯಿತಂತೆ.

ಮನೆಯ ಹಿರಿಯ ಮಗ 1944ರಲ್ಲಿ ಯುದ್ಧದಲ್ಲಿ ಮಡಿದ. 1950ರಲ್ಲಿ ತಂದೆಯೂ ತೀರಿಕೊಂಡರು. ಸರ್ಕಾರ ಆಸ್ತಿಯ ಮೇಲೆ ನೂರಕ್ಕೆ 80ರಷ್ಟು ತೆರಿಗೆ ಕೇಳಿತು. ಕಿರಿಯ ಮಗ ಆ್ಯಂಡ್ರೂ ಮತ್ತು ಪತ್ನಿ ಡೆಬೊರಾ ಎದುರಿಗೆ ಒಂದೇ ಪ್ರಶ್ನೆ: ಮನೆ ಉಳಿಯುತ್ತದೆಯೇ? ಜಮೀನು, ಅಮೂಲ್ಯ ಚಿತ್ರಗಳು, ಪೂರ್ವಜರ ಇನ್ನೊಂದು ಮನೆಯಾದ ಹಾರ್ಡ್‌ವಿಕ್ ಹಾಲ್, ಎಲ್ಲವನ್ನೂ ಬಿಟ್ಟುಕೊಟ್ಟು ಅವರು ಚಾಟ್ಸ್‌ವರ್ತನ್ನು ಉಳಿಸಿಕೊಂಡರು.

1981ರಲ್ಲಿ ಮನೆಯ ಹೊಣೆ ಒಂದು ಟ್ರಸ್ಟ್‌ಗೆ ಹೋಯಿತು. ಈಗ ಟಿಕೆಟ್ ಕೊಂಡು ಬರುವವರ ಹಣ ಮನೆಯ ರಿಪೇರಿಗೆ ಒದಗುತ್ತದೆ. ಡ್ಯೂಕ್ ಕುಟುಂಬ ಅಲ್ಲೇ ಇದೆ. ಆದರೆ ತಾತ ಮುತ್ತಾತಂದಿರು ಕಟ್ಟಿದ ಮನೆಗೆ ಅವರೀಗ ಬಾಡಿಗೆ ಕೊಡುತ್ತಾರೆ!