ಓಡುವವನ ಎಡಗೈ

1972ರ ಸೆಪ್ಟೆಂಬರ್ 10ರಂದು ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹಾಕಿಯ ಕಂಚಿನ ಪದಕಕ್ಕಾಗಿ ಭಾರತ ಮತ್ತು ಹಾಲೆಂಡ್ ತಂಡಗಳು ಆಡಿದವು. ಭಾರತ 2–1ರಿಂದ ಗೆದ್ದಿತು. ಎರಡು ಗೋಲುಗಳಲ್ಲಿ ಒಂದು ಮುಖಬೈನ್ ಸಿಂಗ್ ಅವರದು. ಇನ್ನೊಂದು ಕೊಡಗಿನ ಸೋಮವಾರಪೇಟೆಯ ಬಿ.ಪಿ. ಗೋವಿಂದ ಅವರದು. ಆಗ ಅವರಿಗೆ 21 ವರ್ಷ. ಇವೆರಡರಲ್ಲಿ ಯಾವ ಗೋಲು ಇಲ್ಲದಿದ್ದರೂ ಪಂದ್ಯ ಸಮವಾಗಿಯೇ ಉಳಿಯುತ್ತಿತ್ತು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರಲ್ಲಿ ಆ ಕಾಲದ ಹಾಕಿಯ ನೆನಪು ಇದ್ದವರು ಅದನ್ನು ಕೇಳಿ ನೆನಪಿಟ್ಟುಕೊಂಡವರೇ ಹೊರತು ನೋಡಿದವರಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸಿದ ‘ಸೈಟ್’ ಯೋಜನೆ ಗುಲಬರ್ಗಾ ಜಿಲ್ಲೆಗೆ ಬಂದದ್ದು 1975ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ಹಾಕಿ ಎಂದರೆ ರೇಡಿಯೊದ ವೀಕ್ಷಕ ವಿವರಣೆ, ಮರುದಿನದ ಪತ್ರಿಕೆ. ಹಾಗಾಗಿ ಗೋವಿಂದ ಅವರ ಮಾತು ಬಂದರೆ ಎಲ್ಲರ ಬಾಯಲ್ಲೂ ಒಂದೇ ವಿವರ: ‘ಭಾಳ ಜೋರ ಓಡತಿದ್ರು.’ ಮಾತು ನಿಜ. ತಮ್ಮ ಕಾಲದ ಅತಿ ವೇಗದ ಫಾರ್ವರ್ಡ್‌ಗಳಲ್ಲಿ ಅವರೊಬ್ಬರು. ಆದರೆ ಜೋರಾಗಿ ಓಡುವವರು ಎಲ್ಲ ಊರಲ್ಲೂ ಇದ್ದಾರೆ. ಓಟದ ಜೊತೆಗೆ ಚೆಂಡನ್ನೂ ಒಯ್ದು, ಎದುರಿಗೆ ಬಂದವರನ್ನು ದಾಟಿ, ಗೋಲಿನ ಬಾಯಿಗೆ ತಲುಪಿಸುವುದು ಬೇರೆಯೇ ಕೆಲಸ. ಹಾಕಿ ಸ್ಟಿಕ್ಕನ್ನು ಕೈಯಲ್ಲಿ ಹಿಡಿದೇ ನೋಡದವರಿಗಾಗಿ ಆ ಕೆಲಸವನ್ನು ಇಲ್ಲಿ ಬಿಡಿಸಿ ಹೇಳಿದೆ.

ನಮ್ಮ ಕಡೆ ಸ್ಟಿಕ್ ಹಿಡಿಯದವರೇ ಹೆಚ್ಚು, ಅದಕ್ಕೆ ನೆಲವೂ ಒಂದು ಕಾರಣ ಇದ್ದೀತು. ಭೀಮೆಯ ಆಚೀಚೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲು ಹಿಡಿಯುತ್ತದೆ. ತೊಗರಿಗೆ ಒಳ್ಳೆಯದು, ಉರುಳಬೇಕಾದ ಚೆಂಡಿಗೆ ಅಲ್ಲ.

ಮೊದಲು ಸ್ಟಿಕ್. ದೂರದಿಂದ ನೋಡಿದರೆ ತುದಿ ಬಾಗಿದ ಒಂದು ಕೋಲು, ಅಷ್ಟೆ. ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ, ಅದರ ಎಡಮುಖ ಚಪ್ಪಟೆ, ಬಲಮುಖ ಉಬ್ಬು. ಚೆಂಡನ್ನು ಚಪ್ಪಟೆ ಮುಖದಿಂದ ಆಡಬೇಕು, ಉಬ್ಬಿದ ಮುಖ ತಾಗಿದರೆ ತಪ್ಪು. ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಜಗತ್ತಿನ ಎಲ್ಲ ಆಟಗಾರರಿಗೂ ಒಂದೇ ಬಗೆ. ಉದ್ದ 105 ಸೆಂಟಿಮೀಟರ್ ಮೀರಬಾರದು, ತೂಕ 737 ಗ್ರಾಂ ಮೀರಬಾರದು, ಇಡೀ ಸ್ಟಿಕ್ 51 ಮಿಲಿಮೀಟರ್ ಅಗಲದ ಬಳೆಯೊಳಗೆ ತೂರಿ ಬರಬೇಕು. ಈಗಿನವು ಕಾರ್ಬನ್ ಮತ್ತು ಗಾಜಿನ ನಾರಿನಿಂದ ಆದವು. ಗೋವಿಂದ ಅವರ ಕಾಲದ್ದು ಹಿಪ್ಪುನೇರಳೆ ಮರದ್ದು.

ಆ ಮರದ ಸ್ಟಿಕ್ ಮಾಡುತ್ತಿದ್ದವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಜಲಂಧರ್, ಮೀರತ್‌ಗಳ ಕಾರ್ಖಾನೆಗಳಲ್ಲಿ, ಗಡಿಯಾಚೆ ಸಿಯಾಲ್‌ಕೋಟ್‌ನಲ್ಲಿ, ಹಿಪ್ಪುನೇರಳೆಯ ತುಂಡನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸುತ್ತಿದ್ದರು. ಆ ಮರದ ನಾರು ಗಟ್ಟಿ, ಬಾಗಿಸಿದರೂ ಬೇಗ ಸೀಳುವುದಿಲ್ಲ. ಹಿಡಿಕೆಗೆ ಬೆತ್ತ. ಬೆತ್ತದ ಸೀಳುಗಳ ನಡುವೆ ರಬ್ಬರಿನ ಪಟ್ಟಿ ಇಟ್ಟು ಅಂಟಿಸಿದರೆ ಹೊಡೆತದ ಅದಿರು ಅಂಗೈಗೆ ಬರುತ್ತಿರಲಿಲ್ಲ. ಹಿಡಿಕೆಯನ್ನು ಬೆಣೆಯಂತೆ ಸವರಿ ತಲೆಭಾಗದೊಳಗೆ ಕೂರಿಸುತ್ತಿದ್ದರು. ಹಳೆಯ ಇಂಗ್ಲಿಷ್ ಮಾದರಿಯ ಸ್ಟಿಕ್ಕಿನ ಬಾಗು ಉದ್ದವಾಗಿತ್ತು. ನಮ್ಮ ಕುಶಲಕರ್ಮಿಗಳು ಅದನ್ನು ಗಿಡ್ಡ ಮಾಡಿ, ಬಿಗಿಯಾಗಿ ಬಾಗಿಸಿದರು. ಬಾಗು ಗಿಡ್ಡವಾದಷ್ಟು ಸ್ಟಿಕ್ಕನ್ನು ಚೆಂಡಿನ ಮೇಲೆ ಈ ಕಡೆಯಿಂದ ಆ ಕಡೆಗೆ ತಿರುಗಿಸುವುದು ಸುಲಭ. ಭಾರತ ಉಪಖಂಡದ ಡ್ರಿಬ್ಲಿಂಗ್ ಎಂದು ಜಗತ್ತು ಹೊಗಳಿದ ಕಲೆಯ ಹಿಂದೆ ಹೆಸರು ಉಳಿಯದ ಈ ಬಡಗಿಗಳ ಪಾಲೂ ಇದೆ.

ಡ್ರಿಬ್ಲಿಂಗ್ ಎಂದರೆ ಚೆಂಡನ್ನು ಸ್ಟಿಕ್ಕಿನಿಂದ ಬಿಡದೆ ಒಯ್ಯುವುದು. ಸ್ಟಿಕ್ಕಿನ ಮೇಲ್ತುದಿಯನ್ನು ಹಿಡಿಯುವುದು ಎಡಗೈ. ಅದರಿಂದ ಒಂದೂವರೆ ಗೇಣು ಕೆಳಗೆ ಬಲಗೈ. ನೋಡುವವರಿಗೆ ಕೆಲಸವೆಲ್ಲ ಬಲಗೈಯದು ಅನ್ನಿಸುತ್ತದೆ, ಆದರೆ ಬಲಗೈ ಹಿಡಿತ ಸಡಿಲ. ಸ್ಟಿಕ್ ಅದರೊಳಗೆ ತಿರುಗಬೇಕು, ಅದಕ್ಕೆ ದಾರಿ ಕೊಡುವುದಷ್ಟೇ ಆ ಕೈಯ ಪಾಲು. ತಿರುಗಿಸುವುದು ಎಡ ಮಣಿಕಟ್ಟು. ಚೆಂಡನ್ನು ಬಲದಿಂದ ಎಡಕ್ಕೆ ಎಳೆಯುವಾಗ ಚಪ್ಪಟೆ ಮುಖ ಸಹಜವಾಗಿ ಒದಗುತ್ತದೆ. ಎಡದಿಂದ ಬಲಕ್ಕೆ ತರಬೇಕೆಂದರೆ ಸ್ಟಿಕ್ಕನ್ನು ಚೆಂಡಿನ ಮೇಲಿನಿಂದ ದಾಟಿಸಿ, ಬಾಗಿದ ತುದಿ ನೆಲ ನೋಡುವಂತೆ ಮಗುಚಬೇಕು. ಇದಕ್ಕೆ ರಿವರ್ಸ್ ಸ್ಟಿಕ್ ಎನ್ನುತ್ತಾರೆ. ಒಂದು ಸೆಕೆಂಡಿನಲ್ಲಿ ಹಲವು ಸಲ ಹೀಗೆ ಮಗುಚಿ ಮತ್ತೆ ನೆಟ್ಟಗೆ ಮಾಡುವುದನ್ನು ನುರಿತವರಲ್ಲಿ ಕಾಣಬಹುದು. ಕಲಿಯುವವರು ಮೊದಲು ನಿಂತಲ್ಲೇ, ಆಮೇಲೆ ನಡೆಯುತ್ತ, ಕೊನೆಗೆ ಓಡುತ್ತ ಇದನ್ನು ರೂಢಿಸಿಕೊಳ್ಳುತ್ತಾರೆ. ಅದಕ್ಕೆ ವರ್ಷಗಳೇ ಬೇಕು. ಎಡ ಮಣಿಕಟ್ಟಿನ ನೋವು ಅಭ್ಯಾಸವಾಗುವುದೂ ಅಷ್ಟರಲ್ಲೇ.

ಇಷ್ಟು ಹೊತ್ತಿಗೆ ಒಂದು ತೊಡಕು ಎದುರಾಗುತ್ತದೆ. ಎಡಬಲ ಆಡಿಸುತ್ತ ಹೋದರೆ ಓಟ ನಿಧಾನವಾಗುತ್ತದೆ. ನೆಟ್ಟಗೆ ಓಡಬೇಕಾದಾಗ ಆಟಗಾರ ಚೆಂಡನ್ನು ತನ್ನ ಬಲಪಾದದ ಮುಂದೆ, ಸ್ವಲ್ಪ ಹೊರಗೆ, ಚಾಚಿದ ತೋಳಿನ ಅಳತೆಗೆ ತಳ್ಳಿಕೊಳ್ಳುತ್ತಾನೆ. ತೀರ ಹತ್ತಿರ ಇದ್ದರೆ ಕಾಲಿಗೆ ತಾಗುತ್ತದೆ, ಕಾಲಿಗೆ ತಾಗಿದರೆ ತಪ್ಪು. ತೀರ ಮುಂದಿದ್ದರೆ ಎದುರಾಳಿಯ ಪಾಲು. ಕಣ್ಣನ್ನು ಚೆಂಡಿನ ಮೇಲೇ ನೆಡುವಂತೆಯೂ ಇಲ್ಲ. ಮುಂದೆ ಯಾರು ಬರುತ್ತಿದ್ದಾರೆ, ಜೊತೆಗಾರ ಎಲ್ಲಿದ್ದಾನೆ ಎಂದು ನೋಡಬೇಕು. ಆದ್ದರಿಂದ ಚೆಂಡು ಅವನಿಗೆ ಕಣ್ಣಂಚಿನಲ್ಲಿ ಮಾತ್ರ ಕಾಣುತ್ತದೆ, ಉಳಿದದ್ದನ್ನು ಸ್ಟಿಕ್ಕಿನ ಮೂಲಕ ಬೆರಳು ತಿಳಿದುಕೊಳ್ಳುತ್ತದೆ. ಸೊಂಟ ಬಗ್ಗಿಸಿ, ಮಂಡಿ ಮಡಿಸಿ, ತಲೆ ಎತ್ತಿ ಪೂರ್ತಿ ವೇಗದಲ್ಲಿ ಓಡಲು ಒಮ್ಮೆ ಯತ್ನಿಸಿ ನೋಡಿ. ಬರಿಗೈಯಲ್ಲೇ ಆಗಲಿ. ಹತ್ತು ಹೆಜ್ಜೆಗೆ ಬೆನ್ನು ಮಾತಾಡುತ್ತದೆ.

ಇನ್ನು ಚೆಂಡನ್ನು ಪಡೆಯುವ ಬಗೆ. ನನ್ನ ಮಟ್ಟಿಗೆ ಇಡೀ ಕಲೆಯಲ್ಲಿ ಹೆಚ್ಚು ಕಡೆಗಣಿಸಲ್ಪಟ್ಟ ಭಾಗ ಇದೇ. ಹಿಂದಿನಿಂದ ಜೊತೆಗಾರ ಹೊಡೆದ ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರಬಹುದು. ಅದರ ತೂಕ 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಸ್ಟಿಕ್ಕನ್ನು ಗೋಡೆಯಂತೆ ಒಡ್ಡಿದರೆ ಅದು ಸಿಡಿದು ಹೋಗುತ್ತದೆ. ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಎಸೆದ ಇಟ್ಟಿಗೆಯನ್ನು ಕೂಲಿಯವನು ಕೈ ಕೆಳಕ್ಕೆ ಬಿಟ್ಟುಕೊಂಡೇ ಹಿಡಿಯುತ್ತಾನಲ್ಲ, ಹಾಗೆ ಇಲ್ಲಿ ಸ್ಟಿಕ್ ಚೆಂಡು ತಾಗುವ ಕ್ಷಣಕ್ಕೆ ಹಿಂದೆ ಸರಿಯಬೇಕು, ಹಿಡಿತ ಸಡಿಲಬೇಕು. ವೇಗದ ಫಾರ್ವರ್ಡ್ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಚೆಂಡನ್ನು ಪೂರ್ತಿ ನಿಲ್ಲಿಸುವುದಿಲ್ಲ. ಅದರ ವೇಗದಲ್ಲಿ ತನಗೆ ಬೇಕಾದಷ್ಟನ್ನು ಉಳಿಸಿಕೊಂಡು, ದಿಕ್ಕನ್ನು ಮಾತ್ರ ತಿರುಗಿಸಿ, ತನ್ನ ಓಟದ ದಾರಿಗೆ ಬಿಡುತ್ತಾನೆ. ನಿಲ್ಲಿಸಿ ಮತ್ತೆ ಹೊರಡುವವನು ಎರಡು ಹೆಜ್ಜೆ ಕಳೆದುಕೊಳ್ಳುತ್ತಾನೆ. ಎರಡು ಹೆಜ್ಜೆ ಎಂದರೆ ಒಬ್ಬ ರಕ್ಷಣಾ ಆಟಗಾರ.

ಗೋವಿಂದ ಅವರ ಕಾಲದಲ್ಲಿ ಇದರ ಮೇಲೆ ಇನ್ನೆರಡು ಕಷ್ಟ ಇದ್ದವು. ಒಂದು, ಆಫ್‌ಸೈಡ್ ನಿಯಮ. ಚೆಂಡು ಹೊರಡುವ ಹೊತ್ತಿಗೆ ಫಾರ್ವರ್ಡ್ ಎದುರಾಳಿಯ ರಕ್ಷಣಾ ಸಾಲನ್ನು ದಾಟಿ ಮುಂದೆ ನಿಂತಿರುವಂತಿರಲಿಲ್ಲ. ಓಟವನ್ನು ಪಾಸಿನ ಜೊತೆಗೇ ಆರಂಭಿಸಬೇಕು. ಒಂದು ಹೆಜ್ಜೆ ಬೇಗ ಆದರೆ ಸೀಟಿ, ತಡವಾದರೆ ಚೆಂಡು ಹೋಯಿತು. ಈ ನಿಯಮವನ್ನು ತೆಗೆದದ್ದು 1990ರ ದಶಕದಲ್ಲಿ. ಇನ್ನೊಂದು, ಹುಲ್ಲು. ಮ್ಯೂನಿಕ್‌ನಲ್ಲಿ ಆಡಿದ್ದು ಹುಲ್ಲಿನ ಮೈದಾನದಲ್ಲಿ, ಮುಂದಿನ ಒಲಿಂಪಿಕ್ಸ್ ಹೊತ್ತಿಗೆ, 1976ರ ಮಾಂಟ್ರಿಯಲ್‌ನಲ್ಲಿ, ಕೃತಕ ಟರ್ಫ್ ಬಂದಿತ್ತು. ಹುಲ್ಲಿನ ಮೇಲೆ ಚೆಂಡು ನೆಟ್ಟಗೆ ಹೋಗುವ ಭರವಸೆ ಇಲ್ಲ. ಪುಟಿಯುತ್ತದೆ, ಒಮ್ಮೊಮ್ಮೆ ನಿಂತೇಬಿಡುತ್ತದೆ. ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡೇ ಒಯ್ಯಬೇಕು. ಅಂಥ ನೆಲದ ಮೇಲೆ ವೇಗ ಕಾಯ್ದುಕೊಂಡವರ ಮಣಿಕಟ್ಟು ಎಷ್ಟು ಪಳಗಿದ್ದಿರಬೇಕು ಎಂದು ಟರ್ಫ್ ನೋಡಿ ಬೆಳೆದ ನಮಗೆ ಅಂದಾಜು ಸಿಗುವುದು ಕಷ್ಟ.

ಇದೇ ಸೋಮವಾರಪೇಟೆಯಿಂದ ಟರ್ಫ್ ಕಾಲಕ್ಕೆ ಇನ್ನೊಬ್ಬ ವೇಗಿ ಬಂದರು. ಎಸ್.ವಿ. ಸುನಿಲ್, 1989ರಲ್ಲಿ ಹುಟ್ಟಿದವರು, ಬಡಗಿಯ ಮಗ. 2007ರಲ್ಲಿ ಚೆನ್ನೈನ ಏಷ್ಯಾ ಕಪ್‌ನಲ್ಲಿ ಭಾರತ ತಂಡಕ್ಕೆ ಕಾಲಿಟ್ಟು, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 2021ರಲ್ಲಿ ನಿವೃತ್ತರಾಗುವ ಹೊತ್ತಿಗೆ 264 ಅಂತರರಾಷ್ಟ್ರೀಯ ಪಂದ್ಯ ಆಡಿ 72 ಗೋಲು ಹೊಡೆದಿದ್ದರು. ಕುಟುಂಬ ಕುಟುಂಬಗಳೇ ತಂಡ ಕಟ್ಟಿ ಆಡುವ, 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಹಾಕಿ ಹಬ್ಬದ ಜಿಲ್ಲೆ ಅದು. ಒಂದೇ ಸಣ್ಣ ಪಟ್ಟಣದಿಂದ ಇಬ್ಬರು ಬಂದದ್ದು ಅಲ್ಲಿಯವರಿಗೆ ಅಷ್ಟೇನೂ ಸೋಜಿಗ ಅನ್ನಿಸಲಿಕ್ಕಿಲ್ಲ. ನಮಗೆ ಅನ್ನಿಸುತ್ತದೆ.

ಸುನಿಲ್ ಆಡಿದ್ದು ಹೆಚ್ಚಾಗಿ ಬಲ ಅಂಚಿನಲ್ಲಿ. ಬಲ ಅಂಚು ವೇಗಿಗೆ ಯಾಕೆ ಒಗ್ಗುತ್ತದೆ ಎಂಬುದರ ಉತ್ತರವೂ ಸ್ಟಿಕ್ಕಿನಲ್ಲೇ ಇದೆ. ಚೆಂಡನ್ನು ಒಯ್ಯುವುದು ದೇಹದ ಬಲಗಡೆ. ಎದುರಿಗೆ ನಿಂತ ರಕ್ಷಣಾ ಆಟಗಾರನಿಗೆ ಅದು ಎಡಗಡೆ, ಅಂದರೆ ಅವನು ರಿವರ್ಸ್ ಸ್ಟಿಕ್ಕಿನಿಂದ ಕಸಿಯಬೇಕಾದ ಕಡೆ. ಅಲ್ಲಿ ಅವನ ಚಾಚು ಕಡಿಮೆ, ಬಲ ಕಡಿಮೆ. ಅವನು ತನ್ನ ಬಲಗಡೆಗೆ ಆಟವನ್ನು ತರಲು ಪಾದ ಸರಿಸುತ್ತ ಅಂಚಿನ ಗೆರೆಯ ಕಡೆಗೆ ಬರುತ್ತಾನೆ. ವೇಗಿ ಕಾಯುವುದು ಆ ಪಾದವನ್ನೇ. ತೂಕ ಒಂದು ಕಾಲಿನ ಮೇಲೆ ಬಿದ್ದ ಕ್ಷಣ ತಾನು ಅರೆಗಳಿಗೆ ನಿಧಾನವಾಗುತ್ತಾನೆ. ಎದುರಾಳಿಯೂ ನಿಧಾನವಾಗುತ್ತಾನೆ. ಮರುಕ್ಷಣ ಚೆಂಡು ಅವನ ಎಡಗಾಲಿನಾಚೆ, ಆಟಗಾರ ಅದರ ಹಿಂದೆ. ಗ್ಯಾಲರಿಯಲ್ಲಿ ಕೂತವರಿಗೆ ಕಂಡದ್ದು ಆಮೇಲಿನ ಓಟ. ಕೆಲಸ ನಡೆದದ್ದು ಆ ನಿಧಾನದಲ್ಲಿ.

ಮುಂದೆ ಉಳಿಯುವುದು ಕೊನೆಯ ಕೆಲವು ಮೀಟರ್. ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಗೋಲಿನ ಮುಂದೆ 14.63 ಮೀಟರ್ ದೂರಕ್ಕೆ ಎಳೆದ ಬಾಗುಗೆರೆಯೊಳಗಿನ ಜಾಗಕ್ಕೆ ‘ಡಿ’ ಎನ್ನುತ್ತಾರೆ. ದಾಳಿ ಮಾಡುವ ತಂಡದ ಸ್ಟಿಕ್ ‘ಡಿ’ಯೊಳಗೆ ಚೆಂಡನ್ನು ತಾಗಿಸದೆ ಗೋಲು ಆಗುವುದಿಲ್ಲ. ಅರ್ಧ ಮೈದಾನದಿಂದ ಹೊಡೆದು ಗೋಲು ಗಳಿಸುವ ದಾರಿ ಈ ಆಟದಲ್ಲಿ ಇಲ್ಲ, ಒಳಗೆ ಹೋಗಲೇಬೇಕು. ಗೋಲಿನಿಂದ 22.90 ಮೀಟರ್ ದೂರದಲ್ಲಿ ಇನ್ನೊಂದು ಗೆರೆ ಇದೆ. ಅಲ್ಲಿಂದ ‘ಡಿ’ಯ ಅಂಚಿಗೆ ಎಂಟು ಮೀಟರ್ ಚಿಲ್ಲರೆ. ಪೂರ್ತಿ ವೇಗದಲ್ಲಿರುವವನಿಗೆ ಅದು ಸುಮಾರು ಒಂದು ಸೆಕೆಂಡಿನ ದಾರಿ. ಆ ಒಂದು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು: ತಾನೇ ಹೊಡೆಯಬೇಕೇ, ಎದುರು ಕಂಬದ ಬಳಿ ಓಡಿ ಬರುತ್ತಿರುವವನಿಗೆ ಕೊಡಬೇಕೇ.

ಹೊಡೆಯುವುದಾದರೆ, ಸ್ಟಿಕ್ಕನ್ನು ಹಿಂದಕ್ಕೆತ್ತಿ ಬೀಸಲು ಸಮಯ ಸಿಗುವುದಿಲ್ಲ. ಗೋಲ್‌ಕೀಪರ್ ಈಗಾಗಲೇ ಮುಂದೆ ಬಂದು ಕೋನವನ್ನು ಕಿರಿದು ಮಾಡಿರುತ್ತಾನೆ. ಗೋಲಿನ ಅಗಲ 3.66 ಮೀಟರ್ ಇದ್ದರೂ ಅಂಚಿನಿಂದ ಬರುವವನಿಗೆ ಕಾಣುವುದು ಅದರ ಒಂದು ಸೀಳು. ಆಗ ಸ್ಟಿಕ್ ಮೇಲೇಳದೆ, ಎರಡೂ ಕೈ ದೂರದಲ್ಲೇ ಇದ್ದು, ನೆಲಕ್ಕೆ ಸವರಿದಂತೆ ಹೊಡೆಯುವ ಸ್ಲ್ಯಾಪ್ ನೆರವಿಗೆ ಬರುತ್ತದೆ. ಹತ್ತು ಮೀಟರ್ ದೂರದಿಂದ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಗೆರೆ ದಾಟಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಸಾಕು. ಕೊಡುವುದಾದರೆ, ಗೋಲಿನ ಮುಂದೆ ಅಡ್ಡಡ್ಡ ಹೋಗುವ ಚೆಂಡಿಗೆ ಒಬ್ಬ ಜೊತೆಗಾರ ಸ್ಟಿಕ್ ತಾಗಿಸಿದರೆ ಮುಗಿಯಿತು. ತಾಗಿಸುವುದು ಎಂದರೆ ಇಷ್ಟೆ: ನೆಲಕ್ಕೆ ಮೈ ಚೆಲ್ಲಿ, ಸ್ಟಿಕ್ಕನ್ನು ಸರಿಯಾದ ಓರೆಯಲ್ಲಿ ಇಡುವುದು. ಬಲವೆಲ್ಲ ಬಂದ ಚೆಂಡಿನದೇ. ಓರೆ ಒಂದು ಕೂದಲೆಳೆ ತಪ್ಪಿದರೂ ಚೆಂಡು ಕಂಬದ ಹೊರಗೆ.

ಗೋಲಿನ ಬಲೆಯೊಳಗೆ, ಕೆಳಭಾಗದಲ್ಲಿ, 460 ಮಿಲಿಮೀಟರ್ ಎತ್ತರದ ಹಲಗೆ ಇರುತ್ತದೆ. ಚೆಂಡು ಅದಕ್ಕೆ ಬಡಿದ ಸದ್ದು ಮೈದಾನದ ಆ ತುದಿಗೂ ಕೇಳಿಸುತ್ತದೆ. ದೂರ ಕುಳಿತವರಿಗೆ ಗೋಲು ಮೊದಲು ಕಿವಿಗೆ ಬಂದು ಆಮೇಲೆ ಕಣ್ಣಿಗೆ ಗೊತ್ತಾಗುವುದುಂಟು. ರೇಡಿಯೊದಲ್ಲಿ ಕೇಳಿ ನೆನಪಿಟ್ಟುಕೊಂಡ ನಮ್ಮ ಹಿರಿಯರು ಆ ಲೆಕ್ಕದಲ್ಲಿ ಹೆಚ್ಚೇನೂ ಕಳೆದುಕೊಂಡಿರಲಿಕ್ಕಿಲ್ಲ.

ಗೋಲು ಆದ ಮೇಲೆ ಹೊಡೆದವನು ಸುಮಾರು 45 ಮೀಟರ್ ಹಿಂದಕ್ಕೆ, ಮಧ್ಯಗೆರೆಯ ತನ್ನ ಬದಿಗೆ ಮರಳಬೇಕು. ಗೋಲು ತಿಂದ ತಂಡ ಅಲ್ಲಿಂದ ಆಟ ಮುಂದುವರಿಸುತ್ತದೆ. ಈಗ ಹದಿನೈದು ನಿಮಿಷದ ನಾಲ್ಕು ಭಾಗಗಳಿವೆ, ಆಟಗಾರರನ್ನು ಬೇಕಾದಷ್ಟು ಸಲ ಹೊರಗೆ ಕರೆಸಿ ಒಳಗೆ ಬಿಡಬಹುದು. ಒಬ್ಬ ಫಾರ್ವರ್ಡ್ ಕೆಲವು ನಿಮಿಷ ಪೂರ್ತಿ ಉಸಿರಿನಲ್ಲಿ ಓಡಿ ಬಂದು ಬೆಂಚಿನ ಮೇಲೆ ಕೂರುತ್ತಾನೆ. ಮ್ಯೂನಿಕ್‌ನಲ್ಲಿ 35 ನಿಮಿಷದ ಎರಡು ಭಾಗ ಇದ್ದವು, ಹೀಗೆ ಹೊರಗೆ ಹೋಗಿ ದಣಿವಾರಿಸಿಕೊಂಡು ಮತ್ತೆ ಬರುವ ಸೌಲಭ್ಯ ಇರಲಿಲ್ಲ. ಗೋವಿಂದ ಗೋಲು ಹೊಡೆದು, ತಿರುಗಿ, ಆ ಹುಲ್ಲಿನ ಮೇಲೆ ಮಧ್ಯಗೆರೆಗೆ ಬಂದು ಮತ್ತೆ ಓಡಲು ನಿಂತರು.