ಶಾಕುಂತಲದ ರಕ್ಷಿಪುರುಷರೂ ದುಷ್ಯಂತನ ಪಶ್ಚಾತ್ತಾಪವೂ

ಕಾಳಿದಾಸನ ಅಭಿಜ್ಞಾನಶಾಕುಂತಲದ ಆರನೆಯ ಅಂಕಕ್ಕೆ ಮುನ್ನ ಒಂದು ಸಣ್ಣ ಪ್ರವೇಶಕವಿದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿಕೊಂಡ ಬೆಸ್ತನೊಬ್ಬನನ್ನು ಇಬ್ಬರು ರಕ್ಷಿಪುರುಷರು ಹೊಡೆಯುತ್ತ ಕರೆತರುತ್ತಾರೆ. ಅವರ ಮೇಲಧಿಕಾರಿಯೂ ಜೊತೆಯಲ್ಲಿದ್ದಾನೆ. ಐದನೆಯ ಅಂಕದ ಶೋಕಕ್ಕೂ ಆರನೆಯ ಅಂಕದ ವಿರಹಕ್ಕೂ ನಡುವೆ ಪ್ರೇಕ್ಷಕರ ಮನಸ್ಸನ್ನು ಹಗುರಗೊಳಿಸುವ ಹಾಸ್ಯವೆಂದು ಹೇಳಿ ಈ ಭಾಗವನ್ನು ಪಾಠದಲ್ಲಿ ಬೇಗನೆ ದಾಟಿಬಿಡುವುದು ವಾಡಿಕೆ. ಉಂಗುರವು ರಾಜನ ಕೈಸೇರುವುದಕ್ಕೆ ಇದು ಅವಶ್ಯಕವೆಂಬಷ್ಟನ್ನು ಮಾತ್ರ ಒಪ್ಪುವುದುಂಟು. ಪೂರ್ವಾಪರಗಳನ್ನು ಪರ್ಯಾಲೋಚಿಸಿದರೆ ಕವಿಯ ಅಭಿಪ್ರಾಯವು ಇಷ್ಟಕ್ಕೇ ನಿಲ್ಲದೆಂದು ತೋರುತ್ತದೆ. ಅಧಿಕಾರವುಳ್ಳವನು ಅಧಿಕಾರವಿಲ್ಲದವರ ಮಾತನ್ನು ನಂಬದೆ ಅವರನ್ನು ನೋಯಿಸಿದರೆ, ಆ ನೋವಿಗೆ ಹೊಣೆ ಯಾರು? ಈ ಪ್ರಶ್ನೆಯನ್ನು ಕಾಳಿದಾಸನು ಐದನೆಯ ಅಂಕದಲ್ಲಿ ದಾಂಪತ್ಯದ ವಿಷಯವಾಗಿಯೂ ಪ್ರವೇಶಕದಲ್ಲಿ ಕಾವಲಿನವರ ವಿಷಯವಾಗಿಯೂ ಎತ್ತಿ, ಎರಡಕ್ಕೂ ಒಂದೇ ಉಂಗುರವನ್ನು ಸಾಕ್ಷಿಯಾಗಿ ನಿಲ್ಲಿಸಿದ್ದಾನೆ.

ಮೊದಲು ಐದನೆಯ ಅಂಕವನ್ನು ನೋಡಬಹುದು. ಶಕುಂತಲೆಯ ವಿವಾಹವು ಗಾಂಧರ್ವವಿಧಿಯದು. ಅದಕ್ಕೆ ವಧೂವರರ ಮನಸ್ಸುಗಳೇ ಪ್ರಮಾಣ. ಒಬ್ಬನು ಮರೆತರೆ ಇನ್ನೊಬ್ಬಳಿಗೆ ಉಳಿಯುವುದು ತನ್ನ ಮಾತೊಂದೇ. ಅವಳು ಉಂಗುರವನ್ನು ತೋರಿಸಹೋಗುತ್ತಾಳೆ. ಅದು ಶಚೀತೀರ್ಥದ ನೀರಿನಲ್ಲಿ ಜಾರಿಹೋಗಿದೆ. ದೀರ್ಘಾಪಾಂಗನೆಂಬ ಜಿಂಕೆಯ ಮರಿಯ ವೃತ್ತಾಂತವನ್ನು ಹೇಳುತ್ತಾಳೆ. ರಾಜನು ಅದನ್ನು ಹೆಂಗಸರ ಹುಟ್ಟುಗುಣವಾದ ಕಪಟವೆಂದು ತಳ್ಳಿಹಾಕುತ್ತಾನೆ. ಆಗ ಶಾರ್ಙ್ಗರವನು ಆಡುವ ವ್ಯಂಗ್ಯವು ಮನನೀಯವಾದುದು: ಹುಟ್ಟಿದಂದಿನಿಂದ ವಂಚನೆಯನ್ನೇ ಅರಿಯದವಳ ಮಾತು ಅಪ್ರಮಾಣವಂತೆ, ಪರವಂಚನೆಯನ್ನು ವಿದ್ಯೆಯೆಂದು ಅಭ್ಯಾಸಮಾಡುವವರ ಮಾತು ಆಪ್ತವಾಕ್ಯವಂತೆ. ವಾದಿಯೂ ಪ್ರತಿವಾದಿಯೂ ಗಂಡಹೆಂಡಿರಾಗಿ, ಪ್ರತಿವಾದಿಯೇ ನ್ಯಾಯಾಧಿಪತಿಯೂ ಆಗಿರುವ ವ್ಯವಹಾರವಿದು. ಪ್ರೀತಿಯಲ್ಲಿ ಸಮಾನರಾಗಿದ್ದವರು ಸಭೆಯಲ್ಲಿ ಸಮಾನರಾಗಿ ಉಳಿಯಲಿಲ್ಲ.

ಶಕುಂತಲೆ ಕಣ್ಮರೆಯಾದ ಬಳಿಕ ಬೆಸ್ತನು ಕಾಣಿಸಿಕೊಳ್ಳುತ್ತಾನೆ. ರಾಜನಾಮಾಂಕಿತವಾದ ಉಂಗುರವು ಅವನ ಕೈಯಲ್ಲಿ ಸಿಕ್ಕಿದೆ. ತಾನು ಶಕ್ರಾವತಾರದ ಮೀನುಗಾರನೆಂದೂ ರೋಹಿತಮತ್ಸ್ಯವನ್ನು ಕೊಯ್ದಾಗ ಅದರ ಹೊಟ್ಟೆಯಲ್ಲಿ ಅದು ದೊರೆಯಿತೆಂದೂ ಅವನು ಹೇಳುತ್ತಾನೆ. ಕಾವಲಿನವರು ಅವನನ್ನು ಕಳ್ಳನೆಂದೇ ಕರೆಯುತ್ತಾರೆ. ರಾಜನು ನಿನ್ನನ್ನು ಸದ್ಬ್ರಾಹ್ಮಣನೆಂದು ತಿಳಿದು ದಾನಕೊಟ್ಟನೋ ಎಂದು ಅಣಕಿಸುತ್ತಾರೆ. ಅವನ ವೃತ್ತಿಯನ್ನು ಹಳಿಯುತ್ತಾರೆ. ವಧ್ಯನಿಗೆ ತೊಡಿಸುವ ಹೂಮಾಲೆಯನ್ನು ಕಟ್ಟಲು ಅವರಲ್ಲೊಬ್ಬನ ಕೈಗಳು ತವಕಪಡುತ್ತವೆ. ಇಲ್ಲಿ ಬೆಸ್ತನೂ ಕಾವಲಿನವರೂ ಆಡುವುದು ಒಂದೇ ಮಾಗಧೀ ಪ್ರಾಕೃತ. ಅವರ ನಡುವೆ ಭಾಷೆಯ ಭೇದವಿಲ್ಲ; ಹಗ್ಗವನ್ನು ಹಿಡಿದವನಿಗೂ ಅದರಿಂದ ಕಟ್ಟಿಸಿಕೊಂಡವನಿಗೂ ಇರುವ ಭೇದವೊಂದೇ.

ಹಾಗೆಂದು ಕವಿಯು ಕಾವಲಿನವರನ್ನು ಕೇವಲ ದುಷ್ಟರನ್ನಾಗಿ ಚಿತ್ರಿಸಿಲ್ಲ. ಮೇಲಧಿಕಾರಿಯು ಬೆಸ್ತನು ಕ್ರಮವಾಗಿ ಎಲ್ಲವನ್ನೂ ಹೇಳಲಿ, ನಡುವೆ ತಡೆಯಬೇಡಿರೆಂದು ತನ್ನವರಿಗೆ ಆಜ್ಞಾಪಿಸುತ್ತಾನೆ. ಹಸಿ ಮೀನಿನ ವಾಸನೆಯಿಂದ ಅವನು ಬೆಸ್ತನೇ ಸರಿಯೆಂದು ಊಹಿಸುತ್ತಾನೆ. ಉಂಗುರದ ಸಂಗತಿಯನ್ನು ವಿಚಾರಿಸಬೇಕೆಂದು ತಾನೇ ಅರಮನೆಗೆ ಹೋಗುತ್ತಾನೆ. ವಿಚಾರಣೆಯ ಕ್ರಮವು ಅವನಿಗೆ ತಿಳಿದಿದೆ. ಹೊಡೆತವು ಆ ವಿಚಾರಣೆಗಿಂತ ಮೊದಲೇ ನಡೆದುಹೋಯಿತೆಂಬುದೇ ದೋಷ.

ಈ ದೋಷವನ್ನು ಶಾಸ್ತ್ರಕಾರರು ಸ್ಪಷ್ಟವಾಗಿ ಬಲ್ಲವರಾಗಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರೆಯ ಸ್ತೇಯಪ್ರಕರಣದಲ್ಲಿ, ಕಳವಿನ ವಸ್ತು ಕೈಯಲ್ಲಿ ಸಿಕ್ಕಿದ ಮಾತ್ರಕ್ಕೇ ಕಳ್ಳನೆಂದು ನಿರ್ಣಯಿಸಲಾಗದೆಂಬ ವಿಚಾರವಿದೆ. ಆ ವಸ್ತು ಬೇರೊಬ್ಬನ ಕೈಯಿಂದ ಬಿದ್ದುದಾಗಿರಬಹುದು, ನೆಲದ ಮೇಲೆ ಅಕಸ್ಮಾತ್ತಾಗಿ ದೊರೆತುದಾಗಿರಬಹುದು, ಕಳ್ಳನೇ ಎಸೆದುಹೋದುದಾಗಿರಬಹುದು. ಆದುದರಿಂದ ಪ್ರಯತ್ನಪೂರ್ವಕವಾಗಿ ಪರೀಕ್ಷಿಸಬೇಕು. ಶಾಕುಂತಲದ ಬೆಸ್ತನ ಸಂಗತಿಗೆ ಇದು ಅಕ್ಷರಶಃ ಅನ್ವಯಿಸುತ್ತದೆ.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆ ಗ್ರಂಥವು ಆರೋಪಿಗಳಿಗೆ ಯಾತನೆ ಕೊಡುವುದನ್ನು ಪೂರ್ಣವಾಗಿ ನಿಷೇಧಿಸಲಿಲ್ಲವೆಂಬುದು ನಿಜ. ಆದರೂ ನೋವಿನ ಭಯದಿಂದ ಕಳ್ಳನಲ್ಲದವನೂ ತಾನು ಕಳ್ಳನೆಂದು ಒಪ್ಪಿಕೊಂಡಾನೆಂಬುದಕ್ಕೆ ಅಣಿಮಾಂಡವ್ಯನನ್ನು ಉದಾಹರಿಸಿ, ಪ್ರಮಾಣಗಳು ಪೂರ್ತಿಯಾದ ಮೇಲೆಯೇ ದಂಡನೆಯೆಂದು ಅದು ವಿಧಿಸುತ್ತದೆ. ಸೆರೆಯಲ್ಲಿರುವವನಿಗೆ ಅನ್ನಪಾನಗಳನ್ನು ತಡೆದ ಅಧಿಕಾರಿಗೆ 96 ಪಣ, ಅವನನ್ನು ಪೀಡಿಸಿದವನಿಗೆ ಮಧ್ಯಮಸಾಹಸದಂಡ, ಕೊಂದವನಿಗೆ 1000 ಪಣ ಎಂದು ದಂಡವನ್ನೂ ಹೇಳುತ್ತದೆ. ಕಳುವಾದ ಸೊತ್ತನ್ನು ರಾಜನು ಪ್ರಜೆಗೆ ಒಪ್ಪಿಸಬೇಕು, ಇಲ್ಲವಾದರೆ ಕಳ್ಳನ ಪಾಪವು ಅವನಿಗೇ ತಗಲುವುದು ಎಂಬುದು ಯಾಜ್ಞವಲ್ಕ್ಯನ ಮತ. ರಕ್ಷಣೆಗೆಂದು ಕರವನ್ನು ಕೊಳ್ಳುವವನು ರಕ್ಷಣೆಯ ಲೋಪಕ್ಕೆ ಉತ್ತರಕೊಡಬೇಕೆಂಬುದೇ ಇದರ ತಾತ್ಪರ್ಯ. 1996ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಬಂಧನದ ಪತ್ರಕ್ಕೆ ಸಾಕ್ಷಿಯ ರುಜುವಿರಬೇಕು, ಬಂಧಿತನ ಆಪ್ತರಿಗೆ ತಿಳಿಸಬೇಕು ಎಂದು ಪೊಲೀಸರಿಗೆ ವಿಧಿಸಿದ ನಿಯಮಗಳ ಹಿಂದೆಯೂ ಇಂಥ ಎಚ್ಚರವೇ ಇದೆ.

ಮತ್ತೆ ನಾಟಕಕ್ಕೆ ಬರುವುದಾದರೆ, ಮೇಲಧಿಕಾರಿಯನ್ನು ಕವಿಯು ‘ಶ್ಯಾಲ’ನೆಂದು, ಎಂದರೆ ರಾಜನ ಹೆಂಡತಿಯ ಸೋದರನೆಂದು ಕರೆದಿರುವುದು ಗಮನಾರ್ಹ. ರಾಜನ ಅಂತಃಪುರದ ನಂಟು ನಗರದ ಕಾವಲಿನವರೆಗೆ ಹಬ್ಬಿದೆ. ಶೂದ್ರಕನ ಮೃಚ್ಛಕಟಿಕದಲ್ಲಿ ಈ ನಂಟು ಭಯಂಕರ ರೂಪವನ್ನು ತಾಳುತ್ತದೆ. ಅಲ್ಲಿ ರಾಜಶ್ಯಾಲನಾದ ಶಕಾರನು ತನಗೆ ಒಲಿಯದ ವಸಂತಸೇನೆಯ ಕೊರಳನ್ನು ಹಿಸುಕಿ, ಆ ಕೊಲೆಯನ್ನು ಅವಳ ಪ್ರಿಯನಾದ ಚಾರುದತ್ತನ ಮೇಲೆ ಹೊರಿಸುತ್ತಾನೆ; ದೂರನ್ನು ಕೇಳದಿದ್ದರೆ ರಾಜನಿಗೆ ಹೇಳಿ ನ್ಯಾಯಾಧಿಕಾರಿಯನ್ನೇ ತೆಗೆಸುವೆನೆಂದು ಬೆದರಿಸುತ್ತಾನೆ. ಮೈತ್ರೇಯನ ಕಂಕುಳಿಂದ ಸಭೆಯಲ್ಲಿ ಬಿದ್ದ ಆಭರಣಗಳು ಚಾರುದತ್ತನಿಗೆ ಮರಣದಂಡನೆಯನ್ನು ತರುತ್ತವೆ; ಸತ್ತಳೆನಿಸಿದ ವಸಂತಸೇನೆಯೇ ವಧ್ಯಸ್ಥಾನಕ್ಕೆ ಬಂದುದರಿಂದ ಅವನು ಬದುಕುತ್ತಾನೆ. ಎರಡು ನಾಟಕಗಳಲ್ಲಿಯೂ ಆಭರಣವೇ ಸಾಕ್ಷಿ. ಒಂದರಲ್ಲಿ ಅದು ನಿರಪರಾಧಿಯನ್ನು ಕೊಲ್ಲಿಸಹೊರಟಿತು. ಇನ್ನೊಂದರಲ್ಲಿ ಮೊದಲು ಕಟ್ಟಿಸಿ ಹೊಡೆಯಿಸಿತು, ಆಮೇಲೆ ಬಿಡಿಸಿತು. ವಸ್ತುವು ತಾನಾಗಿ ಸತ್ಯವನ್ನು ನುಡಿಯದು. ವಿಚಾರಿಸುವವನು ಹೇಗೋ ಸಾಕ್ಷಿಯೂ ಹಾಗೆಯೇ.

ಇನ್ನು ಹೊಣೆಯ ಮಾತು. ಉಂಗುರವನ್ನು ಕಂಡ ರಾಜನು ಅದರ ಬೆಲೆಯಷ್ಟು ದ್ರವ್ಯವನ್ನು ಬೆಸ್ತನಿಗೆ ಕೊಡಿಸುತ್ತಾನೆ, ಕಟ್ಟು ಬಿಚ್ಚುತ್ತದೆ. ಯಮನ ಮನೆಯನ್ನು ಹೊಕ್ಕು ಹಿಂದಿರುಗಿದನೆಂದು ಕಾವಲಿನವನು ಹೇಳುತ್ತಾನೆಯೇ ಹೊರತು, ಅಲ್ಲಿಗೆ ಕಳುಹಿಸಹೊರಟವರು ತಾವೆಂದು ಹೇಳುವುದಿಲ್ಲ. ಬೆಸ್ತನು ಬಹುಮಾನದಲ್ಲಿ ಅರ್ಧವನ್ನು ನಿಮಗೆ ‘ಹೂವಿನ ಬೆಲೆ’ಯಾಗಲೆಂದು ಅವರಿಗೆ ಕೊಡುತ್ತಾನೆ. ವಧ್ಯನ ಮಾಲೆಗೆಂದು ಸ್ವಲ್ಪ ಮುಂಚೆ ನೆನೆದ ಹೂಗಳೇ ಇವು. ತನ್ನ ಕೊರಳಿಗೆ ಬೀಳಬೇಕಾಗಿದ್ದ ಹೂವಿನ ಬೆಲೆಯನ್ನು ತಾನೇ ತೆತ್ತು ಅವನು ಅವರ ಗೆಳೆಯನಾಗುತ್ತಾನೆ. ಹೊಸ ಸ್ನೇಹಕ್ಕೆ ಮದ್ಯವೇ ಸಾಕ್ಷಿಯೆಂದು ಎಲ್ಲರೂ ಹೆಂಡದಂಗಡಿಗೆ ನಡೆಯುತ್ತಾರೆ. ಪ್ರೇಕ್ಷಕರು ನಗುತ್ತಾರೆ, ಹೊಡೆತದ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅದೇ ಉಂಗುರವು ರಾಜನಲ್ಲಿ ಬೇರೆ ಫಲವನ್ನು ಕೊಡುತ್ತದೆ. ಅವನು ಮೊದಲು ಉಂಗುರವನ್ನು ಬೈಯುತ್ತಾನೆ. ಒಡನೆಯೇ ಅದು ಅಚೇತನ, ಗುಣವನ್ನು ಅರಿಯದು, ಚೇತನನಾದ ತಾನು ಅವಳನ್ನು ಏಕೆ ತಿರಸ್ಕರಿಸಿದೆನೆಂದು ಆಕ್ಷೇಪವನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾನೆ. ಈ ಅನುತಾಪವು ಅಂತಃಪುರದಲ್ಲಿಯೇ ಇಂಗಿಹೋಗುವುದಿಲ್ಲ. ಹಡಗು ಒಡೆದು ಸತ್ತ ಧನಮಿತ್ರನೆಂಬ ವರ್ತಕನಿಗೆ ಮಕ್ಕಳಿಲ್ಲದುದರಿಂದ ಅವನ ಸೊತ್ತು ಬೊಕ್ಕಸಕ್ಕೆ ಸೇರತಕ್ಕುದೆಂದು ಅಮಾತ್ಯನು ಬರೆದು ಕಳುಹಿಸುತ್ತಾನೆ. ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯಾಗಿರುವಳೇ ಎಂದು ವಿಚಾರಿಸಿರೆಂಬುದೇ ರಾಜನ ಮೊದಲ ಮಾತು. ಗರ್ಭಿಣಿಯಾದ ಹೆಂಡತಿಯನ್ನು ಸಭೆಯಿಂದ ಕಳುಹಿಸಿದವನ ಮಾತಿದು. ಗರ್ಭಸ್ಥಶಿಶುವಿಗೇ ಪಿತೃಧನವೆಂದು ಅವನು ತೀರ್ಪುಕೊಡುತ್ತಾನೆ. ಬಳಿಕ ಪ್ರಜೆಗಳಲ್ಲಿ ಯಾರು ಯಾವ ಬಂಧುವನ್ನು ಕಳೆದುಕೊಂಡರೂ, ಪಾಪಸಂಬಂಧವೊಂದನ್ನುಳಿದು, ದುಷ್ಯಂತನೇ ಅವರಿಗೆ ಆ ಬಂಧುವೆಂದು ಡಂಗುರ ಸಾರಿಸುತ್ತಾನೆ. ಮನೆಯಲ್ಲಿ ಮಾಡಿದ ತಪ್ಪು ನಾಡಿನಲ್ಲಿ ನ್ಯಾಯವಾಗಿ ಪರಿಣಮಿಸಿತು.

ದೂರ್ವಾಸಶಾಪವನ್ನು ಕಲ್ಪಿಸಿ ಕವಿಯು ನಾಯಕನನ್ನು ಹೊಣೆಯಿಂದ ತಪ್ಪಿಸಿದನಲ್ಲವೇ ಎಂಬ ಆಕ್ಷೇಪವುಂಟು. ಮಹಾಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ರಾಜನು ತಿಳಿದೇ ನಿರಾಕರಿಸುತ್ತಾನೆ. ಆಕ್ಷೇಪವು ಅಲ್ಪವಾದುದಲ್ಲ. ಅದಕ್ಕೆ ಉತ್ತರವು ಏಳನೆಯ ಅಂಕದ ಘಟನಾಕ್ರಮದಲ್ಲಿದೆ. ಮಾರೀಚಾಶ್ರಮದಲ್ಲಿ ದುಷ್ಯಂತನು ಶಕುಂತಲೆಯ ಕಾಲಿಗೆರಗುವುದು ಮೊದಲು. ಮಾರೀಚನು ಶಾಪವೃತ್ತಾಂತವನ್ನು ಹೇಳುವುದು ಆಮೇಲೆ. ಕ್ಷಮೆ ಬೇಡುವಾಗ ಅವನಿಗೆ ತನ್ನ ಪರವಾದ ನೆಪವೊಂದೂ ಗೊತ್ತಿರಲಿಲ್ಲ. ಸಮಾಧಾನವು ಕೈಗೆ ಬರುವುದಕ್ಕಿಂತ ಮೊದಲೇ ತಪ್ಪನ್ನು ತನ್ನದೆಂದು ಹೊತ್ತವನಿಗೆ ಮಾತ್ರ ಆ ಸಮಾಧಾನವು ಶೋಭಿಸುತ್ತದೆ.

ಹೀಗೆ ನೋಡಿದರೆ ಪ್ರವೇಶಕದ ನಗೆಯು ಮುಂದಿನ ಅಂಕಗಳ ಅಳತೆಗೋಲಾಗುತ್ತದೆ. ಕಾವಲಿನವರಿಗೂ ರಾಜನಿಗೂ ತಪ್ಪು ತಿಳಿದದ್ದು ಒಂದೇ ಉಂಗುರದಿಂದ. ಅವರು ನೊಂದವನಿಂದಲೇ ಹಣವನ್ನು ಪಡೆದು ಮರೆತರು. ಇವನು ನೊಂದವಳ ಕಾಲಿಗೆರಗಿ ನೆನಪಿಟ್ಟುಕೊಂಡನು. ಪ್ರವೇಶಕವನ್ನು ಬಿಟ್ಟು ಪಾಠಹೇಳಿದರೆ ದುಷ್ಯಂತನ ಅಳುವು ವಿರಹಿಯ ಅಳುವಷ್ಟೇ ಆಗಿ ಉಳಿಯುವುದು. ಅದನ್ನು ಸೇರಿಸಿ ಓದಿದಾಗ ಅದು ಅಧಿಕಾರಿಯೊಬ್ಬನು ತನ್ನ ತಪ್ಪಿಗೆ ತಾನೇ ಕೊಟ್ಟ ಉತ್ತರವಾಗುವುದು.