ಗುಡ್ಡದ ಮಣ್ಣು ನಿಂತಿತು, ಹಳ್ಳಕ್ಕೆ ಟ್ರೌಟ್ ಬಂದಿತು



ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ ಕೂನ್ ಕ್ರೀಕ್ ಎಂಬ ಹಳ್ಳವೊಂದಿದೆ. ಕಡಿದಾದ ಗುಡ್ಡಗಳ ನಡುವೆ ಹರಿದು ಕೊನೆಗೆ ಮಿಸಿಸಿಪ್ಪಿ ನದಿಯನ್ನು ಸೇರುತ್ತದೆ. ಇದರ ಮೇಲ್ಭಾಗದ ಟಿಂಬರ್ ಕೂಲಿ ಮೊದಲಾದ ಕವಲುಗಳನ್ನು ಮೊಳಕಾಲು ನೀರಿನಲ್ಲಿ ನಡೆದು ದಾಟಬಹುದಾದ ಜಾಗಗಳು ಎಷ್ಟೋ ಇವೆ. ವಸಂತದಲ್ಲಿ ಈ ನೀರಿನಲ್ಲಿ ಟ್ರೌಟ್ ಮೀನು ಹಿಡಿಯಲು ದೂರದೂರದಿಂದ ಜನ ಬರುತ್ತಾರೆ. ಹೊಲಮನೆಯ ಪತ್ರಿಕೆಗೂ ಮೋಜಿನ ಮೀನುಗಾರಿಕೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಈ ಹಳ್ಳದಲ್ಲಿ ಇಂದು ಮೀನು ಆಡುತ್ತಿರುವುದಕ್ಕೆ ಮುಖ್ಯ ಕಾರಣ, ಒಂದು ಕಾಲದಲ್ಲಿ ಗುಡ್ಡದ ಮೇಲಿನ ರೈತರು ತಮ್ಮ ನೇಗಿಲಿನ ದಿಕ್ಕನ್ನು ಬದಲಿಸಿದ್ದು. ಆ ಸಂಗತಿಗೆ ಬರುವ ಮೊದಲು ಹಳ್ಳಕ್ಕೆ ಇಳಿಯೋಣ.

ಮೇ ತಿಂಗಳ ಮೊದಲ ವಾರವೆಂದು ಇಟ್ಟುಕೊಳ್ಳಿರಿ. ಅಲ್ಲಿ ಆಗತಾನೆ ಚಳಿ ಹಿಂದೆಗೆದು ಮರಗಳು ಚಿಗುರುವ ಕಾಲ. ನಮ್ಮ ಕಡೆಯ ಗಾಳದವರಂತೆ ನಸುಕಿಗೇ ಓಡಬೇಕಾಗಿಲ್ಲ. ವಸಂತದಲ್ಲಿ ಮುಂಜಾನೆಯ ಹಳ್ಳ ತಣ್ಣಗಿರುತ್ತದೆ, ಮೀನು ತಳ ಹಿಡಿದು ಮಲಗಿರುತ್ತದೆ. ಬಿಸಿಲೇರಿ ನೀರು ಒಂದೆರಡು ಡಿಗ್ರಿ ಬೆಚ್ಚಗಾದ ಮೇಲೆ ನೀರಿನೊಳಗಿನ ಹುಳುಗಳು ಮೇಲಕ್ಕೆ ಏಳತೊಡಗುತ್ತವೆ. ಮೋಡ ಮುಚ್ಚಿ ತುಂತುರು ಹನಿಯುತ್ತಿದ್ದರೆ ಇನ್ನೂ ಒಳ್ಳೆಯದು. ಮುಂಗಾರಿನ ಮೊದಲ ಮಳೆಗೆ ನಮ್ಮಲ್ಲಿ ಈಸಲು ಹುಳುಗಳು ಏಳುವುದಿಲ್ಲವೇ? ಅದೇ ರೀತಿ ಅಲ್ಲಿ ಮೇಫ್ಲೈ ಎಂಬ ಸಣ್ಣ ಹುಳುಗಳು ನೀರಿನ ಮೇಲ್ಮೈಗೆ ಬಂದು, ಪೊರೆ ಬಿಟ್ಟು, ರೆಕ್ಕೆ ಆರುವವರೆಗೆ ಹರಿವಿನೊಡನೆ ತೇಲಿ ಹಾರಿಹೋಗುತ್ತವೆ. ಮರಿಹುಳುವಾಗಿ ತಿಂಗಳುಗಟ್ಟಲೆ ನೀರಿನಲ್ಲಿ ಬಾಳುವ ಈ ಜೀವಿಗೆ ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಆಯುಸ್ಸು. ಅದು ತೇಲುವ ಆ ಕೆಲವು ಕ್ಷಣಗಳಿಗಾಗಿ ಟ್ರೌಟ್ ಕಾದಿರುತ್ತದೆ. ನೀರಿನ ಮೇಲೆ ಒಂದು ಉಂಗುರ ಮೂಡಿ ಹರಡಿತೆಂದರೆ ಅಲ್ಲಿ ಮೀನಿನ ಬಾಯಿ ಬಂದುಹೋಯಿತೆಂದು ತಿಳಿಯಿರಿ.

ಈ ಬಗೆಯ ಮೀನುಗಾರಿಕೆಯಲ್ಲಿ ಎರೆಹುಳುವನ್ನೂ ಹಿಟ್ಟಿನ ಉಂಡೆಯನ್ನೂ ಬಳಸುವುದಿಲ್ಲ. ಸಣ್ಣ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಹುಳುವಿನ ಆಕಾರ ಕೊಡುತ್ತಾರೆ. ಹುಂಜದ ಕುತ್ತಿಗೆಯ ಗರಿಗೆ ಇದರಲ್ಲಿ ಬಹಳ ಬೆಲೆ. ಹಿಂದೆ ಇಂತಹ ಗರಿಗಳು ಭಾರತದಿಂದಲೂ ಹೇರಳವಾಗಿ ರಫ್ತಾಗುತ್ತಿದ್ದವು ಎಂದರೆ ಕೋಳಿ ಸಾಕುವವರಿಗೆ ಆಶ್ಚರ್ಯವಾಗಬಹುದು.

ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ತೂಕ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಗರಿಯ ನೊಣಕ್ಕೆ ತೂಕವೇ ಇಲ್ಲ. ಆದ್ದರಿಂದ ದಾರವನ್ನೇ ದಪ್ಪಗೆ, ತೂಕವಾಗಿ ಮಾಡಿರುತ್ತಾರೆ. ಬಳುಕುವ ಕೋಲಿನಿಂದ ದಾರವನ್ನು ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಗಳಿಗೆ ತಡೆದು, ಮುಂದಕ್ಕೆ ಬೀಸಬೇಕು. ಈ ತಡೆಯುವುದೇ ಹೊಸಬರಿಗೆ ಬರುವುದಿಲ್ಲ. ದಾರದ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆ, ಅದರ ತುದಿಗೆ ನೊಣ.

ಟ್ರೌಟ್ ಯಾವಾಗಲೂ ಹರಿವಿಗೆ ಎದುರಾಗಿ ನಿಲ್ಲುತ್ತದೆ. ಅದರ ಆಹಾರ ಬರುವುದು ಮೇಲಿನಿಂದ ತಾನೆ? ಆದ್ದರಿಂದ ನೀವು ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಬಗ್ಗಿ ನಡೆಯಬೇಕು. ನೆರಳು ನೀರಿನ ಮೇಲೆ ಬೀಳಬಾರದು, ಹೆಜ್ಜೆ ಭಾರವಾಗಬಾರದು. ಉಂಗುರ ಮೂಡಿದ ಜಾಗಕ್ಕಿಂತ ಒಂದೆರಡು ಮಾರು ಮೇಲೆ ನೊಣವನ್ನು ಇಳಿಸಿ, ನೀರಿನ ವೇಗದಲ್ಲಿಯೇ ತೇಲಿ ಬರಲು ಬಿಡಿರಿ. ದಾರ ಜಗ್ಗಿ ನೊಣ ಅಡ್ಡಡ್ಡ ಜಾರಿದರೆ ಮೀನು ಮುಟ್ಟುವುದಿಲ್ಲ. ಮುಟ್ಟಿದರೆ ಕೋಲನ್ನು ಮೆಲ್ಲಗೆ ಎತ್ತಿದರೆ ಸಾಕು. ಬಿಟ್ಟುಬಿಡುವ ಉದ್ದೇಶವಿದ್ದರೆ ಕೈಯನ್ನು ಮೊದಲು ನೀರಿನಲ್ಲಿ ಅದ್ದಿಕೊಳ್ಳಬೇಕು. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಮೀನಿಗೆ ರೋಗ ತಗಲುವ ಭಯವಿದೆ.

ಸಿಕ್ಕ ಮೀನಿನ ಮೈಮೇಲೆ ಕಪ್ಪು ಮತ್ತು ಕೆಂಪು ಚುಕ್ಕೆಗಳಿದ್ದರೆ ಅದು ಕಂದು ಟ್ರೌಟ್. ಅಮೆರಿಕಕ್ಕೆ 1883ರಲ್ಲಿ ಜರ್ಮನಿಯಿಂದ ಬಂದ ತಳಿ. ಬೆನ್ನಿನ ಮೇಲೆ ಹುಳ ಹರಿದಂತಹ ಗೆರೆ, ರೆಕ್ಕೆಯ ಅಂಚಿಗೆ ಬಿಳಿ ಪಟ್ಟಿ ಇದ್ದರೆ ಅದು ಆ ನೆಲದ ಮೂಲನಿವಾಸಿ ಬ್ರೂಕ್ ಟ್ರೌಟ್. ಎರಡಕ್ಕೂ ತಣ್ಣೀರು ಬೇಕು. ನೀರು 20 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಏದುಸಿರು ಬಿಡುತ್ತವೆ. ನಮ್ಮ ಬಯಲುನಾಡಿನ ಹೊಳೆಗಳಲ್ಲಿ ಟ್ರೌಟ್ ಇಲ್ಲದಿರುವುದಕ್ಕೂ, ನೆರೆಯ ನೀಲಗಿರಿಯ ಎತ್ತರದ ತಣ್ಣನೆಯ ತೊರೆಗಳಲ್ಲಿ ಬ್ರಿಟಿಷರು ತಂದು ಬಿಟ್ಟದ್ದು ಉಳಿದುಕೊಂಡದ್ದಕ್ಕೂ ಇದೇ ಕಾರಣ.

ಕಲ್ಲನ್ನು ಎತ್ತಿ ನೋಡಿರಿ

ಗಾಳವನ್ನು ದಡದಲ್ಲಿಟ್ಟು, ನೀರು ಸರಸರನೆ ಹರಿಯುವ ಜಾಗದಿಂದ ಅಂಗೈಯಗಲದ ಕಲ್ಲೊಂದನ್ನು ಎತ್ತಿ ಅದರ ಅಡಿಯನ್ನು ನೋಡಿರಿ. ಚಪ್ಪಟೆ ಮೈಯ, ಬಾಲದಲ್ಲಿ ಎರಡು ಮೂರು ಎಳೆಗಳಿರುವ ಮೇಫ್ಲೈ ಮರಿಗಳು ಹರಿದಾಡುತ್ತಿರುತ್ತವೆ. ಮರಳಿನ ಕಾಳುಗಳನ್ನು ಅಂಟಿಸಿಕೊಂಡು ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳುಗಳೂ ಇರುತ್ತವೆ. ಇವು ಬದುಕುವುದು ಕಲ್ಲು ಕಲ್ಲಿನ ನಡುವಿನ ಸಂದುಗಳಲ್ಲಿ. ಟ್ರೌಟ್ ಮೊಟ್ಟೆ ಇಡುವುದೂ ಶರತ್ಕಾಲದಲ್ಲಿ ಜಲ್ಲಿಕಲ್ಲಿನ ಗುಳಿಗಳಲ್ಲಿಯೇ. ಮೊಟ್ಟೆ ಒಡೆಯುವವರೆಗೂ ಸಂದುಗಳಲ್ಲಿ ನೀರು ಆಡುತ್ತಿರಬೇಕು. ಗುಡ್ಡದಿಂದ ಕೊಚ್ಚಿಬಂದ ಸಣ್ಣ ಮಣ್ಣು ಈ ಸಂದುಗಳನ್ನು ತುಂಬಿತೆಂದರೆ ಹುಳುವೂ ಇಲ್ಲ, ಮೊಟ್ಟೆಯೂ ಇಲ್ಲ. ಹಳ್ಳದ ಮೀನಿನ ಹಣೆಬರಹ ಹೊಲದಲ್ಲಿ ಬರೆದಿರುತ್ತದೆ ಎನ್ನುವುದು ಇದಕ್ಕೆ.

1930ರ ಸುಮಾರಿಗೆ ಕೂನ್ ಕ್ರೀಕ್ ಕಣಿವೆಯ ಹಣೆಬರಹ ಚೆನ್ನಾಗಿರಲಿಲ್ಲ. ಅಲ್ಲಿ ನೆಲೆಸಿದವರಲ್ಲಿ ನಾರ್ವೆಯಿಂದ ಬಂದ ಕುಟುಂಬಗಳು ಹೆಚ್ಚು, ಶ್ರಮಜೀವಿಗಳು. ಆದರೆ ಚೌಕದ ಹೊಲ ಮಾಡಿ, ಇಳಿಜಾರಿನ ಗುಂಟ ಮೇಲೆ ಕೆಳಗೆ ಉಳುತ್ತಿದ್ದರು. ಕಡಿದಾದ ಕಾಡಿನ ಇಳುಕಲಿನಲ್ಲಿ ದನ ಮೇಯಿಸುತ್ತಿದ್ದರು. ಪ್ರತಿ ಮಳೆಗೂ ಕೊರಕಲು ಬಾಯಿ ಬಿಡುತ್ತಿತ್ತು. ಕಣಿವೆಯ ತಳದ ಕೆಲವೆಡೆ ವರ್ಷಕ್ಕೆ ಸುಮಾರು 15 ಸೆಂಟಿಮೀಟರ್‌ನಷ್ಟು ಮಣ್ಣು ಶೇಖರವಾಗುತ್ತಿತ್ತು. ಹಳ್ಳ ಅಗಲವಾಗಿ, ತೆಳುವಾಗಿ, ಬಿಸಿಯಾಗಿ ಹರಿಯಿತು.

1933ರಲ್ಲಿ ಹ್ಯೂ ಹ್ಯಾಮಂಡ್ ಬೆನೆಟ್ ಅವರು ಮುಖ್ಯಸ್ಥರಾಗಿದ್ದ ಅಮೆರಿಕದ ಭೂಸವಕಳಿ ಸೇವೆಯು ಆ ದೇಶದ ಮೊದಲ ಜಲಾನಯನ ಪ್ರಾತ್ಯಕ್ಷಿಕೆಗೆ ಈ ಕಣಿವೆಯನ್ನೇ ಆರಿಸಿತು. ವಿಸ್ತೀರ್ಣ ಸುಮಾರು 92,000 ಎಕರೆ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವೂ ಕೈಜೋಡಿಸಿತು. ವನ್ಯಜೀವಿ ವಿಷಯದಲ್ಲಿ ಪ್ರಾಧ್ಯಾಪಕ ಆಲ್ಡೊ ಲಿಯೊಪೋಲ್ಡ್ ಸಲಹೆ ನೀಡಿದರು. ಯಾರನ್ನೂ ಬಲವಂತ ಮಾಡಲಿಲ್ಲ. ರೈತ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕು: ಸಮಪಾತಳಿಗೆ ಉಳಬೇಕು, ಕಡಿದಾದ ಇಳುಕಲನ್ನು ಉಳಬಾರದು, ಕಾಡಿಗೆ ದನ ಬಿಡಬಾರದು. ಪ್ರತಿಯಾಗಿ ಬೇಲಿ, ಸುಣ್ಣ, ಗೊಬ್ಬರ, ಬೀಜ ಮತ್ತು ಶಿಬಿರದ ಯುವಕರ ದುಡಿಮೆ ದೊರೆಯುತ್ತಿತ್ತು. ಸುಮಾರು 800 ರೈತರಲ್ಲಿ 418 ಮಂದಿ ಒಪ್ಪಿದರು. ಉಳಿದವರು ಬೇಲಿಯಾಚೆ ನಿಂತು ನೋಡಿದರು; ಎಲ್ಲ ಊರಲ್ಲಿಯೂ ನಡೆಯುವುದು ಹಾಗೆಯೇ.

ಈಗ ಆ ಗುಡ್ಡಗಳನ್ನು ನೋಡಿದರೆ ಒಂದು ಪಟ್ಟಿ ಮುಸುಕಿನ ಜೋಳ, ಒಂದು ಪಟ್ಟಿ ಕುದುರೆ ಮಸಾಲೆ, ಹೀಗೆ ಇಳಿಜಾರಿಗೆ ಅಡ್ಡಲಾಗಿ ಸೀರೆಯ ಪಟ್ಟೆಯಂತೆ ಬಳುಕುವ ಹೊಲಗಳು ಕಾಣುತ್ತವೆ. ಜೋಳದ ಸಾಲಿನಿಂದ ಜಾರಿದ ಮಣ್ಣನ್ನು ಕೆಳಗಿನ ಮೇವಿನ ಪಟ್ಟಿ ತಡೆದುಕೊಳ್ಳುತ್ತದೆ. ಓಡದೆ ನಿಂತ ನೀರು ಕೆಳಗಿನ ಮರಳುಗಲ್ಲು, ಸುಣ್ಣಕಲ್ಲುಗಳಿಗೆ ಇಂಗಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ಒರತೆಯ ನೀರು ಚಳಿಗಾಲದಲ್ಲಿಯೂ ಬೇಸಗೆಯಲ್ಲಿಯೂ 9–10 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಟ್ರೌಟ್‌ಗೆ ಬೇಕಾದುದು ಇದೇ. ಭೂಗೋಳ ವಿಜ್ಞಾನಿ ಸ್ಟ್ಯಾನ್ಲಿ ಟ್ರಿಂಬಲ್ ಅವರು 1999ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1975ರಿಂದ 1993ರ ಅವಧಿಯಲ್ಲಿ ಕಣಿವೆಯಲ್ಲಿ ಮಣ್ಣು ಶೇಖರವಾದ ಪ್ರಮಾಣ 1930ರ ದಶಕದ ಶೇಕಡ 6 ಮಾತ್ರ. ಸುಜಲ ಮೊದಲಾದ ಯೋಜನೆಗಳಲ್ಲಿ ಬದು ಹಾಕಿಸಿದ ನಮ್ಮ ರೈತರು ಬಾವಿಯ ನೀರಿನಲ್ಲಿ ಅಳೆಯುವುದನ್ನು ಅಲ್ಲಿನವರು ಮೀನಿನಲ್ಲಿಯೂ ಅಳೆಯುತ್ತಾರೆ.

ಮೀನು ಬಂದ ಮೇಲೆ ಗಾಳದವರೂ ಬಂದರು. ಪರವಾನಗಿಯ ಜೊತೆಗೆ ಅವರು ಟ್ರೌಟ್ ಮುದ್ರೆಚೀಟಿಯನ್ನೂ ಕೊಳ್ಳಬೇಕು. ಆ ಹಣ ಹಳ್ಳಗಳ ದುರಸ್ತಿಗೆ ಹೋಗುತ್ತದೆ. ರಾಜ್ಯ ಸರ್ಕಾರ ಹಲವು ರೈತರಿಗೆ ಹಣ ಕೊಟ್ಟು ಹಳ್ಳದಂಚಿನ ನೆಲದಲ್ಲಿ ಜನ ಓಡಾಡುವ ಶಾಶ್ವತ ಹಕ್ಕನ್ನು ಪಡೆದಿದೆ. ನೆಲ ರೈತನದೇ. ಈ ವ್ಯವಸ್ಥೆ ನನಗೆ ಮೆಚ್ಚಿಗೆಯಾಯಿತು. ಜಗಳಕ್ಕೆ ಕಾರಣವಾಗಬಹುದಾದ ದಾರಿ ಆದಾಯಕ್ಕೆ ಕಾರಣವಾಗಿದೆ.

ಎಲ್ಲವೂ ಸರಿಹೋಯಿತೆಂದು ಮಾತ್ರ ಭಾವಿಸಬೇಡಿರಿ. 2018ರ ಆಗಸ್ಟ್ ಕೊನೆಯ ವಾರದ ಒಂದು ರಾತ್ರಿ ಭಾರಿ ಮಳೆ ಸುರಿದು, ಪ್ರವಾಹ ತಡೆಯಲೆಂದು ಗುಡ್ಡದ ಕಣಿವೆಗಳಲ್ಲಿ ಕಟ್ಟಿದ್ದ ಹಳೆಯ ಮಣ್ಣಿನ ಒಡ್ಡುಗಳಲ್ಲಿ ಮೂರು ಕೂನ್ ಕ್ರೀಕ್‌ನಲ್ಲಿಯೇ ಒಡೆದುಹೋದವು. ಇದರ ಜೊತೆಗೆ ಹಾಲಿನ ದನ ಕಟ್ಟುವ ಸಣ್ಣ ರೈತರು ಅಲ್ಲಿ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ದನವಿಲ್ಲದ ಮನೆಗೆ ಕುದುರೆ ಮಸಾಲೆಯ ಪಟ್ಟಿ ಏತಕ್ಕೆ? ಮೇವಿನ ಪಟ್ಟಿ ಇದ್ದಲ್ಲಿ ಜೋಳವೂ ಸೋಯಾ ಅವರೆಯೂ ಬರುತ್ತಿವೆ. ಪ್ರವಾಹದ ನಂತರ ಕಣಿವೆಯ ರೈತರು ಮತ್ತೆ ಸೇರಿ ಜಲಾನಯನ ಸಮಿತಿ ಮಾಡಿಕೊಂಡಿದ್ದಾರೆ. ಜೋಳ ಕೊಯ್ದ ನೆಲ ಚಳಿಗಾಲದಲ್ಲಿ ಬರಿದಾಗಿರದಂತೆ ರೈ ಧಾನ್ಯವನ್ನು ಹೊದಿಕೆ ಬೆಳೆಯಾಗಿ ಬಿತ್ತುವವರೂ ಅಲ್ಲಿದ್ದಾರೆ. ಮೇ ತಿಂಗಳಲ್ಲಿ ಗಾಳ ಹಿಡಿದು ಹಳ್ಳಕ್ಕೆ ಇಳಿಯುವವರು ತಲೆಯೆತ್ತಿದರೆ ಗುಡ್ಡದ ಮೇಲೆ ಆ ಹಸಿರು ಎಲ್ಲೆಲ್ಲಿ ಇದೆ, ಎಲ್ಲೆಲ್ಲಿ ಇಲ್ಲ ಎಂಬುದು ಅಲ್ಲಿಂದಲೇ ಕಾಣುತ್ತದೆ.